ಒಂದು ಚೊಂಬು ನೀರು, ಒಂದು ಮರೆ

ಇದು ಒಂದು ತಪ್ಪೊಪ್ಪಿಗೆಯಿಂದ ಆರಂಭವಾಗಬೇಕಾದ ಲೇಖನ. 2020ನೆಯ ಇಸವಿಯ ಜುಲೈ ತಿಂಗಳಲ್ಲಿ ನಾನು ಪಾಠ ಹೇಳುವ ಕಾಲೇಜಿನ ಕನ್ನಡ ಸಂಘವು ವಿದ್ಯಾರ್ಥಿಗಳಿಗಾಗಿ ಬರವಣಿಗೆಯ ಸ್ಪರ್ಧೆಯೊಂದನ್ನು ಏರ್ಪಡಿಸಿತ್ತು. ವಿಷಯ ‘ಕೊರೊನಾ ಮತ್ತು ನಾನು’. ಕಾಲೇಜಿನ ಬಾಗಿಲು ಮುಚ್ಚಿತ್ತು. ಹುಡುಗರು ತಮ್ಮ ನೋಟುಪುಸ್ತಕದ ಹಾಳೆಗಳ ಚಿತ್ರ ತೆಗೆದು ಫೋನಿನಲ್ಲಿ ಕಳುಹಿಸಿದರು. ಗದ್ಯ ಪದ್ಯ ಸೇರಿ ಅರವತ್ತಕ್ಕೆ ಹತ್ತಿರ ಬಂದುವು. ಅವನ್ನೆಲ್ಲ ಮುದ್ರಿಸಿಕೊಂಡು, ಮಾರತ್ತಹಳ್ಳಿಯ ನನ್ನ ಬಾಡಿಗೆ ಮನೆಯ ಮೇಜಿನ ಮೇಲೆ ಹರಡಿಕೊಂಡು, ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತೆ. ಮೊದಲನೆಯ ಬಹುಮಾನವನ್ನು ಒಂದು ಪದ್ಯಕ್ಕೆ ಕೊಟ್ಟೆ. ಅದೇ ಕಟ್ಟಿನಲ್ಲಿ ಒಂದೂವರೆ ಪುಟದ ಒಂದು ಗದ್ಯವೂ ಇದ್ದಿತು. ಅದಕ್ಕೆ ಸಮಾಧಾನದ ಬಹುಮಾನವೂ ಸಿಕ್ಕಲಿಲ್ಲ. ಇತ್ತೀಚೆಗೆ ಹಳೆಯ ಕಾಗದಗಳನ್ನು ವಿಲೇವಾರಿ ಮಾಡುವಾಗ ಆ ಕಟ್ಟು ಕೈಗೆ ಬಂತು. ಎರಡನ್ನೂ ಮತ್ತೆ ಓದಿದೆ. ನನ್ನ ತೀರ್ಪು ತಪ್ಪಾಗಿತ್ತು. ಅದು ಒಬ್ಬ ಪರೀಕ್ಷಕನ ಕೈತಪ್ಪು ಮಾತ್ರವಾಗಿದ್ದರೆ ಈ ಪುಟದಲ್ಲಿ ಅದಕ್ಕೆ ಜಾಗ ಕೇಳುತ್ತಿರಲಿಲ್ಲ. ಆ ತಪ್ಪಿನಲ್ಲಿ ನಮ್ಮ ಸಾಹಿತ್ಯಾಭಿರುಚಿಗೂ ಪಾಲಿದೆಯೆಂದು ತೋರಿದ್ದರಿಂದ ಬರೆಯುತ್ತಿದ್ದೇನೆ.

ಬಹುಮಾನ ಪಡೆದ ಪದ್ಯ ಭಾಮಿನಿ ಷಟ್ಪದಿಯಲ್ಲಿತ್ತು. ಈ ಕಾಲದ ಹುಡುಗನೊಬ್ಬ ಮಾತ್ರೆಗಳನ್ನು ಎಣಿಸಿ, ಆದಿಪ್ರಾಸವನ್ನು ಕಾಪಾಡಿಕೊಂಡು ಆರು ಪದ್ಯ ಕಟ್ಟಿದನೆಂದರೆ ಕನ್ನಡ ಮೇಷ್ಟರ ಮನಸ್ಸು ಕರಗದೆ ಇದ್ದೀತೆ? ಹೊರಗಿನಿಂದ ಬಂದವರು ಬಾಗಿಲ ಬಳಿ ಇಟ್ಟ ಚೊಂಬಿನ ನೀರಿನಿಂದ ಕೈಕಾಲು ತೊಳೆದೇ ಒಳಗೆ ಬರಬೇಕೆಂಬ ಅಜ್ಜಿಯ ಕಟ್ಟಳೆ, ಅವಳ ಮಡಿ, ಅಂಗಳದ ಸಾರಣೆ, ಹೊಸ್ತಿಲಿನ ಅರಿಸಿನ, ಇವು ಅದರ ವಸ್ತು. ವಿಜ್ಞಾನ ಇಂದು ಹೇಳುವುದನ್ನು ಹಿರಿಯರು ಅಂದೇ ಬಲ್ಲವರಾಗಿದ್ದರು ಎಂಬುದು ಅದರ ಧ್ವನಿ. ಧ್ವನಿ ಎನ್ನುವುದಕ್ಕಿಂತ ಘೋಷಣೆ ಎನ್ನಬೇಕು. ಆ ತಿಂಗಳುಗಳಲ್ಲಿ ಇದೇ ಮಾತು ಗದ್ಯದಲ್ಲಿ, ಪದ್ಯದಲ್ಲಿ, ಭಾಷಣದಲ್ಲಿ ಎಷ್ಟು ಸಲ ಬಂತೆಂದರೆ, ನಾನೂ ಅದನ್ನು ನಿಜವೆಂದೇ ನಂಬಿದ್ದೆ. ಆ ಚೊಂಬಿನ ಹಿಂದೆ ಒಂದು ಬಾವಿ ಇದೆ, ಬಾವಿಯ ಹಿಂದೆ ಒಂದು ಮನೆ ಇದೆ, ಮನೆಯ ಹಿಂದೆ ಒಂದು ಹಕ್ಕುಪತ್ರ ಇದೆ ಎಂಬುದು ಹೊಳೆಯಲಿಲ್ಲ.

ಕೊರೊನಾ ಕಾಲದ ನಮ್ಮ ಬರವಣಿಗೆಯನ್ನು ಸಾಕಷ್ಟು ಓದಿದ್ದೇನೆ. ಅದರ ಮುಖ್ಯ ಲಕ್ಷಣವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಮನೆಯ ಒಳಗಿನಿಂದ ಬರೆದ ಸಾಹಿತ್ಯ. ತಾರಸಿ, ಕಿಟಕಿ, ಮರಳಿ ಬಂದ ಹಕ್ಕಿ, ಒಟ್ಟಿಗೆ ಉಂಡ ಕುಟುಂಬ, ಇವು ಅದರ ಉದ್ದೀಪನ ವಿಭಾವಗಳು. ಕವಿಗಳು ಕಠಿಣಹೃದಯರಾಗಿದ್ದರೆಂದು ನಾನು ಹೇಳುತ್ತಿಲ್ಲ. ಹೆದ್ದಾರಿಯಲ್ಲಿ ನಡೆದುಹೋದ ಕೂಲಿಕಾರರ ಮೇಲೆ ನೂರಾರು ಪದ್ಯಗಳು ಬಂದುವು. 2020ರ ಮೇ 8ರಂದು ಔರಂಗಾಬಾದಿನ ಬಳಿ ರೈಲು ಹಳಿಯ ಮೇಲೆ ಮಲಗಿದ್ದ ಹದಿನಾರು ಮಂದಿ ಗೂಡ್ಸ್ ಗಾಡಿಗೆ ಸಿಕ್ಕಿ ಸತ್ತಾಗ, ಹಳಿಯ ಮೇಲೆ ಚೆಲ್ಲಿದ್ದ ರೊಟ್ಟಿಗಳನ್ನು ನೆನೆದು ಅಳದ ಕವಿ ಇರಲಿಲ್ಲ. ಆದರೆ ಆ ಪದ್ಯಗಳಲ್ಲಿ ಬರುವುದು ನಡೆಯುವ ಕಾಲು ಮತ್ತು ಹಸಿದ ಹೊಟ್ಟೆ. ನಡೆಯುವವನು ಎಲ್ಲಿ ಮೈ ತೊಳೆದುಕೊಂಡ, ಅವನ ಹೆಂಡತಿ ಎಲ್ಲಿ ಮರೆ ಹುಡುಕಿದಳು ಎಂದು ಕೇಳಿದ ಪದ್ಯ ನನ್ನ ಕಣ್ಣಿಗೆ ಬೀಳಲಿಲ್ಲ. ಹಸಿವಿಗೆ ನಮ್ಮ ಕಾವ್ಯದಲ್ಲಿ ಗೌರವದ ಆಸನವುಂಟು, ಬಚ್ಚಲಿಗೆ ಇಲ್ಲ. ಕರುಣ ರಸ ಒದಗುವ ಕಡೆ ಹೋಗುತ್ತೇವೆ, ಬೀಭತ್ಸ ಇಣುಕುವ ಕಡೆ ಮೂಗು ಮುಚ್ಚಿಕೊಳ್ಳುತ್ತೇವೆ. ಆ ಪಿಡುಗಿನಲ್ಲಿಯೋ, ಸರ್ಕಾರ ಜನರಿಗೆ ಹೇಳಿದ ಮೊದಲ ಮಾತೇ ಕೈ ತೊಳೆಯಿರಿ ಎಂಬುದಾಗಿತ್ತು!

ಹಿಂದಿನ ಪಿಡುಗುಗಳ ಕಥೆ ಹೀಗಿರಲಿಲ್ಲ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ 1970ರಲ್ಲಿ ಪ್ರಕಟವಾಯಿತು. ಅದರ ಕಾಲ ಅದಕ್ಕಿಂತ ಹಿಂದಿನದು, ತಿಪಟೂರು ಸೀಮೆಯ ಹಳ್ಳಿಗಳಿಗೆ ಪ್ಲೇಗು ಮೇಲಿಂದ ಮೇಲೆ ಬರುತ್ತಿದ್ದ ಕಾಲ. ಇಲಿ ಬಿತ್ತೆಂಬ ಸುದ್ದಿ ಹರಡಿದ ಕೂಡಲೆ ಊರಿಗೆ ಊರೇ ಮನೆಗಳನ್ನು ಬಿಟ್ಟು ಹೊರಗೆ ಶೆಡ್ಡು ಹಾಕಿಕೊಳ್ಳುತ್ತದೆ. ಭೈರಪ್ಪನವರು ಇದನ್ನು ಕಲ್ಪಿಸಿದವರಲ್ಲ. ಅವರು ಬಾಲ್ಯದಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಕಾದಂಬರಿಯ ನಂಜಮ್ಮ ಮುತ್ತುಗದ ಎಲೆ ಹಚ್ಚಿ, ಶಾನುಭೋಗಿಕೆಯ ಲೆಕ್ಕ ಬರೆದು ಸಾಕಿದ ಮಕ್ಕಳಲ್ಲಿ ಇಬ್ಬರನ್ನು ಆ ರೋಗ ಒಯ್ಯುತ್ತದೆ. ಓದಿದವರಾರೂ ಆ ಪುಟಗಳನ್ನು ಮರೆತಿರಲಾರರು.

ನಾನು ಇಲ್ಲಿ ಗಮನಿಸಬೇಕೆನ್ನುವುದು ಶೋಕವನ್ನಲ್ಲ, ಶೆಡ್ಡನ್ನು. ಪ್ಲೇಗಿನ ಇಲಿಯೂ ಇಲಿಯ ಮೈಮೇಲಿನ ಚಿಗಟವೂ ಮನೆಯೊಳಗಿನವು. ಚಿಗಟದ ಮೂಲಕ ರೋಗ ಹರಡುತ್ತದೆಂದು ಫ್ರೆಂಚ್ ವೈದ್ಯ ಸಿಮೋಂ 1898ರಲ್ಲಿ ಕರಾಚಿಯಲ್ಲಿ ತೋರಿಸಿದ. ನಮ್ಮ ಹಳ್ಳಿಗರು ಅವನ ಹೆಸರು ಕೇಳದವರು. ಆದರೂ ಮನೆ ಬಿಟ್ಟರೆ ಬದುಕು ಎಂಬುದನ್ನು ಅನುಭವದಿಂದ ಕಂಡುಕೊಂಡಿದ್ದರು. ಆ ಕೆಲವು ತಿಂಗಳು ಶಾನುಭೋಗನೂ ಪಟೇಲನೂ ಕೂಲಿಯವನೂ ಮನೆಯಿಲ್ಲದವರೇ. ಗರಿಯ ಮಾಡು, ಮೂರು ಕಲ್ಲಿನ ಒಲೆ, ದೂರದಿಂದ ಹೊತ್ತು ತಂದ ನೀರು. ಜಾತಿ ಅಲ್ಲಿಯೂ ಸಾಲು ಸಾಲಾಗಿ ಶೆಡ್ಡು ಹಾಕಿಕೊಂಡಿತ್ತು, ಅದನ್ನು ಮರೆಯಬಾರದು. ಆದರೂ ಬಯಲಿನಲ್ಲಿ ಬದುಕುವುದೆಂದರೆ ಏನೆಂದು ಅಕ್ಷರ ಬಲ್ಲ ಮನೆತನಗಳಿಗೂ ಆಗ ಮೈಗೆ ಗೊತ್ತಿತ್ತು. ಕೊರೊನಾದಲ್ಲಿ ಕಥೆ ತಿರುವುಮುರುವಾಯಿತು. ಮನೆ ಹೊಕ್ಕವನು ಬದುಕಿದ, ಹೊರಗಿದ್ದವನು ಲೆಕ್ಕಕ್ಕೇ ಬರಲಿಲ್ಲ. ಬರೆಯುವವರೆಲ್ಲ ಒಳಗಿದ್ದರು.

ಬೆಂಗಳೂರಿನ ಪ್ಲೇಗಿನ ಚರಿತ್ರೆಯಲ್ಲಿ ಇನ್ನೊಂದು ಸಂಗತಿ ಇದೆ. 1898ರ ಆಗಸ್ಟಿನಲ್ಲಿ ರೋಗ ರೈಲಿನ ದಾರಿಯಲ್ಲಿ ನಗರಕ್ಕೆ ಬಂತು. ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಅನುಕೂಲವಂತರು ಹೊರಟು ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳನ್ನು ತುಂಬಿದರು. ಗಾಳಿ ಬೆಳಕಿನ ಆ ಬೀದಿಗಳ ಅಂದವನ್ನು ನಾವೆಲ್ಲ ಹೊಗಳಿದ್ದೇವೆ. ಮನೆಗಳ ಹಿಂಬದಿಯಲ್ಲಿ ಕಿರಿದಾದ ಗಲ್ಲಿಗಳನ್ನು ಬಿಟ್ಟಿದ್ದರು. ಮಲ ಹೊರುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದು ಹೋಗುವುದಕ್ಕಾಗಿ. ನಗರದ ನೈರ್ಮಲ್ಯ ಯಾರಿಗೆ, ಯಾರಿಂದ ಎಂಬುದು ಆ ಗಲ್ಲಿಯ ಅಗಲದಲ್ಲಿಯೇ ಬರೆದಿದೆ.

ಈ ದೃಷ್ಟಿಯಿಂದ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಇನ್ನೊಮ್ಮೆ ತೆರೆಯಬೇಕು. 1965ರಲ್ಲಿ ಬಂದ ಆ ಕಾದಂಬರಿಯ ಮೇಲೆ ಬರೆದವರೆಲ್ಲ ನಾರಣಪ್ಪನ ಹೆಣದ ಸುತ್ತ ಕುಳಿತಿದ್ದಾರೆ; ತರಗತಿಯಲ್ಲಿ ನಾನೂ ಇಷ್ಟು ವರ್ಷ ಹಾಗೆಯೇ ಕುಳಿತಿದ್ದೆ. ಆದರೆ ಕೃತಿ ಆರಂಭವಾಗುವುದು ಹೆಣದಿಂದಲ್ಲ, ಒಂದು ಸ್ನಾನದಿಂದ. ಪ್ರಾಣೇಶಾಚಾರ್ಯರು ಹಾಸಿಗೆ ಹಿಡಿದ ಹೆಂಡತಿಗೆ ಮೀಯಿಸಿ ಬೇರೆ ಸೀರೆ ಉಡಿಸುತ್ತಾರೆ. ಆಚಾರ್ಯರ ದೃಷ್ಟಿಯಲ್ಲಿ ಅದು ಪುಣ್ಯದ ಕೆಲಸ, ತಮ್ಮ ತ್ಯಾಗದ ಒಂದು ಅಂಗ. ಆದರೂ ಇಡೀ ಅಗ್ರಹಾರದಲ್ಲಿ ಒಬ್ಬರು ಇನ್ನೊಬ್ಬರ ಮೈಯನ್ನು ಅದರ ಅಗತ್ಯಕ್ಕಾಗಿ ತೊಳೆಯುವುದು ಅದೊಂದೇ. ಉಳಿದವರ ಸ್ನಾನವೆಲ್ಲ ಮಡಿ. ಇಲಿಗಳು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಕೂರುತ್ತವೆ. ಜನ ಹೊಳೆಯಲ್ಲಿ ಮಿಂದು ಮಿಂದು ಬರುತ್ತಾರೆ. ರೋಗ ಒಳಗೇ ಇರುತ್ತದೆ. ಮಡಿ ಬೇರೆ, ನೈರ್ಮಲ್ಯ ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಕನ್ನಡ ಕೃತಿ ಇಲ್ಲ. ಇದನ್ನು ಪಾಠ ಹೇಳಿ ಬಂದವನೇ ಷಟ್ಪದಿಯ ಅಜ್ಜಿಗೆ ಬಹುಮಾನ ಕೊಟ್ಟೆ!

ಇನ್ನು ಚಂದ್ರಿ. ನಾರಣಪ್ಪ ಸತ್ತ ಗಳಿಗೆಯಿಂದ ಆಕೆಗೆ ಆ ಅಗ್ರಹಾರದಲ್ಲಿ ಮನೆಯಿಲ್ಲ. ಇದ್ದ ಮನೆಯಲ್ಲಿ ಹೆಣ. ಉಳಿದ ಮನೆಗಳೊಳಗೆ ಪ್ರವೇಶವಿಲ್ಲ. ಆಕೆ ಆಚಾರ್ಯರ ಜಗಲಿಯಲ್ಲಿ ರಾತ್ರಿ ಕಳೆಯುತ್ತಾಳೆ. ಪಿಡುಗಿನ ಕಾಲದಲ್ಲಿ ನೆಲೆ ತಪ್ಪಿದ ಹೆಂಗಸಿನ ಚಿತ್ರ ಕನ್ನಡದಲ್ಲಿ ಬೇಕೆಂದರೆ ಆ ಜಗಲಿಯಲ್ಲಿದೆ. ಕೊನೆಗೆ ಹೆಣಕ್ಕೆ ಒಂದು ಗತಿ ಕಾಣಿಸುವವಳೂ ಆಕೆಯೇ. ಅಗ್ರಹಾರದ ಆಚೆಯ ಕೇರಿಯಲ್ಲಿ ಸತ್ತವರನ್ನು ಗುಡಿಸಲು ಸಹಿತ ಸುಡುತ್ತಾರೆ. ಅದು ಕಾದಂಬರಿಯಲ್ಲಿ ದೂರದ ಬೆಂಕಿಯಾಗಿ ಮಾತ್ರ ಕಾಣುತ್ತದೆ. ಅಲ್ಲಿಗೆ ಲೇಖಕರು ಹೋಗಲಿಲ್ಲ. ಹೋಗದೆ ಇದ್ದುದು ದೋಷವೆಂದು ಕೆಲವರು ಹೇಳಿಯಾರು. ನನಗೆ ಹಾಗೆ ಅನ್ನಿಸುವುದಿಲ್ಲ. ಕಥೆಯ ಕಣ್ಣು ಅಗ್ರಹಾರದ ಕಣ್ಣು. ಅದಕ್ಕೆ ಎಷ್ಟು ಕಾಣುತ್ತದೋ ಅಷ್ಟೇ ಕಾಣಿಸಿದ್ದಾರೆ.

ನೀರಿಗೂ ಮುಟ್ಟುವುದಕ್ಕೂ ಇರುವ ಸಂಬಂಧವನ್ನು ಕಾರಂತರು 1933ರಲ್ಲಿಯೇ ‘ಚೋಮನ ದುಡಿ’ಯಲ್ಲಿ ಹೇಳಿ ಮುಗಿಸಿದ್ದರು. ಹೊಳೆಯಲ್ಲಿ ಮುಳುಗುತ್ತಿರುವ ಚೋಮನ ಹುಡುಗನನ್ನು ಸುತ್ತಲಿದ್ದವರು ಕಣ್ಣಾರೆ ಕಾಣುತ್ತಾರೆ, ಮುಟ್ಟಿ ಮೇಲೆತ್ತುವವರಿಲ್ಲ. ಅದಕ್ಕೂ ಆರು ವರ್ಷ ಹಿಂದೆ, 1927ರ ಮಾರ್ಚ್ 20ರಂದು, ಅಂಬೇಡ್ಕರರು ಮಹಾಡಿನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಿದ್ದರು. ಇಂಥ ನಾಡಿನಲ್ಲಿ ‘ಸಾಮಾಜಿಕ ಅಂತರ’ ಎಂಬ ಮಾತನ್ನು ಆರೋಗ್ಯದ ಹೆಸರಿನಲ್ಲಿ ಗೋಡೆ ಗೋಡೆಗೂ ಬರೆದರು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ ತಿಂಗಳಲ್ಲಿಯೇ ‘ದೈಹಿಕ ಅಂತರ’ ಎನ್ನುವುದು ಮೇಲೆಂದು ತಿದ್ದಿಕೊಂಡಿತು. ನಮ್ಮ ಫಲಕಗಳು ತಿದ್ದಿಕೊಳ್ಳಲಿಲ್ಲ. ಮಾತಿನ ವಿಷಯದಲ್ಲಿ ಕನ್ನಡ ಅಧ್ಯಾಪಕರಾದ ನಾವಾದರೂ ತಕರಾರು ಎತ್ತಬೇಕಾಗಿತ್ತು. ಎತ್ತಲಿಲ್ಲ.

ಪರದೇಶದ ಪಿಡುಗಿನ ಗ್ರಂಥಗಳಲ್ಲಿ ಆಗ ಎಲ್ಲರ ಬಾಯಲ್ಲಿದ್ದುದು ಆಲ್ಬೆರ್ ಕಾಮೂವಿನ ‘ಪ್ಲೇಗ್’, 1947ರದು. ಅದರಲ್ಲಿ ವೈದ್ಯ ರಿಯೂ ಮತ್ತು ಅವನ ಗೆಳೆಯ ತಾರೂ ಒಂದು ರಾತ್ರಿ ಸಮುದ್ರಕ್ಕೆ ಈಜಲು ಹೋಗುವ ಪ್ರಸಂಗವನ್ನು ಕಾದಂಬರಿಯ ಶಿಖರವೆಂದು ಹೊಗಳುತ್ತಾರೆ. ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಅವರು ಕಡಲಿಗೆ ಇಳಿಯುವ ಮುನ್ನ ಕಾವಲುಗಾರನಿಗೆ ಪರವಾನಿಗೆಯ ಚೀಟಿ ತೋರಿಸುತ್ತಾರೆ ಎಂಬುದನ್ನು ಯಾರೂ ಹೇಳುವುದಿಲ್ಲ. ಆ ಸ್ನಾನ ಚೀಟಿ ಇದ್ದವರದು. ನಮ್ಮ ವಿಷಯಕ್ಕೆ ಹತ್ತಿರವಾದವನು ಅವನಿಗಿಂತ ಎರಡು ಶತಮಾನ ಹಿಂದಿನ ಡೇನಿಯಲ್ ಡಿಫೋ. 1665ರ ಲಂಡನ್ ಪ್ಲೇಗಿನ ಮೇಲೆ ಅವನು 1722ರಲ್ಲಿ ಬರೆದ ಪುಸ್ತಕದಲ್ಲಿ ಮೂವರು ಬಡವರು ಬರುತ್ತಾರೆ: ಒಬ್ಬ ರೊಟ್ಟಿ ಸುಡುವವನು, ಒಬ್ಬ ಹಾಯಿ ಹೊಲೆಯುವವನು, ಒಬ್ಬ ಬಡಗಿ. ಇರುವ ಮನೆಯವರು ತಮ್ಮನ್ನು ಹೊರಗೆ ಹಾಕುವರೆಂಬ ಭಯದಿಂದ ಅವರು ನಗರ ಬಿಡುತ್ತಾರೆ. ಹಾಯಿಬಟ್ಟೆಯಿಂದ ಡೇರೆ ಹೊಲಿದುಕೊಳ್ಳುತ್ತಾರೆ. ಊರೂರಿನ ಬಾಗಿಲಲ್ಲಿ ತಡೆಯುತ್ತಾರೆ. ದೂರವಿದ್ದರೆ ಅನ್ನ ಕೊಡುತ್ತೇವೆ ಎನ್ನುತ್ತಾರೆ. ಡಿಫೋ ಅವರಿಗಾಗಿ ಒಂದು ಹನಿ ಕಣ್ಣೀರನ್ನೂ ಹಾಕುವುದಿಲ್ಲ. ಡೇರೆಯನ್ನು ಯಾರು ಹೊಲಿದರು, ಎಲ್ಲಿ ಹೂಡಿದರು, ಯಾರು ಏನು ಕೊಟ್ಟರು ಎಂದು ಅಂಗಡಿಯ ಲೆಕ್ಕದಂತೆ ಬರೆಯುತ್ತಾನೆ. ಮುನ್ನೂರು ವರ್ಷ ಕಳೆದರೂ ಆ ಡೇರೆ ಕಣ್ಣಮುಂದೆ ನಿಂತಿದೆ.

ಈಗ ನಾನಿರುವ ಊರಿಗೆ ಬರುತ್ತೇನೆ. ಮಾರತ್ತಹಳ್ಳಿಯ ಸೇತುವೆಯ ಮೇಲೆ ನಿಂತು ನೋಡಿದರೆ ಗಾಜಿನ ಕಟ್ಟಡಗಳೂ ಬಟ್ಟೆ ಅಂಗಡಿಗಳೂ ಕಾಣುತ್ತವೆ. ಹೊರವರ್ತುಲ ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಖಾಲಿ ನಿವೇಶನಗಳಲ್ಲಿ ನೀಲಿ ಟಾರ್ಪಾಲಿನ ಶೆಡ್ಡುಗಳಿವೆ. ಕಟ್ಟಡದ ಕೆಲಸದವರು, ಕಸ ಆಯುವವರು, ಮನೆಗೆಲಸದ ಹೆಂಗಸರು ಅಲ್ಲಿ ತಿಂಗಳ ಬಾಡಿಗೆ ಕೊಟ್ಟು ಇರುತ್ತಾರೆ. 2020ರ ಜನವರಿಯಲ್ಲಿ, ಪಿಡುಗಿಗೆ ಎರಡು ತಿಂಗಳು ಮುಂಚೆ, ಇಲ್ಲಿಗೆ ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ಅಂಥ ಗುಡಿಸಲುಗಳನ್ನು ಯಂತ್ರ ತಂದು ನೆಲಸಮ ಮಾಡಿದರು. ಇರುವವರು ಬಾಂಗ್ಲಾದೇಶದಿಂದ ನುಸುಳಿದವರೆಂಬುದು ಆಪಾದನೆ. ಅಸ್ಸಾಮು, ತ್ರಿಪುರಗಳಿಂದ ಬಂದವರೂ ನಮ್ಮದೇ ಉತ್ತರ ಕರ್ನಾಟಕದವರೂ ತಮ್ಮ ಗುರುತಿನ ಚೀಟಿಗಳನ್ನು ಕೈಯಲ್ಲಿ ಹಿಡಿದು ನಿಂತ ಚಿತ್ರಗಳು ಪತ್ರಿಕೆಗಳಲ್ಲಿ ಬಂದುವು. ವಿಷಯ ಹೈಕೋರ್ಟಿಗೆ ಹೋಯಿತು. ನಡೆದುದು ಕಾನೂನಿಗೆ ಸಮ್ಮತವಲ್ಲವೆಂದೂ ನೆಲೆ ಕಳೆದುಕೊಂಡವರಿಗೆ ಪುನರ್ವಸತಿ ಬೇಕೆಂದೂ ನ್ಯಾಯಾಲಯ ಹೇಳಿತು. ಅಷ್ಟರಲ್ಲಿ ಮಾರ್ಚ್ ಬಂತು. ಮಾರ್ಚ್ 24ರ ರಾತ್ರಿ ಎಲ್ಲರೂ ಮನೆಯಲ್ಲೇ ಇರಬೇಕೆಂಬ ಆಜ್ಞೆಯಾಯಿತು.

‘ಮನೆಯಲ್ಲೇ ಇರಿ, ಕೈ ತೊಳೆಯುತ್ತಿರಿ.’ ವಾಕ್ಯ ವ್ಯಾಕರಣಶುದ್ಧವಾಗಿದೆ. ಆದರೆ ವಿಮರ್ಶಕನು ವಾಕ್ಯದಲ್ಲಿ ಹೇಳದೆ ಬಿಟ್ಟುದನ್ನೂ ಓದಬೇಕು. ಮೊದಲ ಪದ ಮನೆಯನ್ನು ಊಹಿಸಿಕೊಂಡಿದೆ, ಎರಡನೆಯ ಭಾಗ ನಲ್ಲಿಯನ್ನು. ಇಪ್ಪತ್ತು ಸೆಕೆಂಡು ತೊಳೆಯಬೇಕೆಂದು ಹೇಳಿದರು. ಸಾಬೂನು ವೈರಾಣುವಿನ ಕೊಬ್ಬಿನ ಹೊದಿಕೆಯನ್ನು ಒಡೆಯಲು ಅಷ್ಟು ಹೊತ್ತು ಬೇಕು, ಮಾತು ಸರಿಯೇ. ಎಷ್ಟೇ ಹಿಡಿತದಿಂದ ಸುರಿದರೂ ಒಂದು ಸಲಕ್ಕೆ ಒಂದು ಚೊಂಬು ನೀರು ಬೇಕು. ದಿನಕ್ಕೆ ಹತ್ತು ಸಲವೆಂದರೆ ಐದು ಜನರ ಸಂಸಾರಕ್ಕೆ ಐವತ್ತು ಚೊಂಬು. ಕೈಗೆ ಮಾತ್ರ ಮೂರು ನಾಲ್ಕು ಕೊಡ. ಆಗ ಮಾರತ್ತಹಳ್ಳಿಯ ಆಸುಪಾಸು ಬದುಕುತ್ತಿದ್ದುದೇ ಕೊಳವೆಬಾವಿ ಮತ್ತು ಟ್ಯಾಂಕರಿನ ನೀರಿನಿಂದ. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಈಗಲೂ ನಲ್ಲಿಗೆ ಅರ್ಜಿ ಹಾಕಲು ಕಟ್ಟಡದ ಕಾಗದಪತ್ರ ಬೇಕು. ಟಾರ್ಪಾಲಿಗೆ ಖಾತೆ ಇರುವುದಿಲ್ಲ.

ಸರ್ಕಾರದ ಭಾಷೆಯಲ್ಲಿ ಇವರಿಗೆ ಹೆಸರೂ ನಿಲ್ಲುವುದಿಲ್ಲ. ನಿರಾಶ್ರಿತರು, ನಿರ್ಗತಿಕರು, ವಸತಿರಹಿತರು. 2011ರ ಜನಗಣತಿಯವರು ಫೆಬ್ರವರಿ 28ರ ರಾತ್ರಿ ಹೊರಟು, ರಸ್ತೆಬದಿ, ಮೇಲ್ಸೇತುವೆಯ ಅಡಿ, ಹ್ಯೂಮ್ ಪೈಪು, ರೈಲು ನಿಲ್ದಾಣಗಳಲ್ಲಿ ಮಲಗಿದ್ದವರನ್ನು ಎಣಿಸಿದರು; ದೇಶದಲ್ಲೆಲ್ಲ ಸುಮಾರು 17.7 ಲಕ್ಷ ಸಿಕ್ಕಿದರು. ನಾಲ್ಕು ಕೋಲು ನೆಟ್ಟು ಮಾಡು ಹೊದಿಸಿದರೆ ಆ ಲೆಕ್ಕದಿಂದ ಹೊರಗೆ, ಅವನು ಮನೆಯುಳ್ಳವನು. ಒಂದು ಲಕ್ಷ ನಗರವಾಸಿಗಳಿಗೆ ಒಂದರಂತೆ ರಾತ್ರಿ ಹಗಲು ತೆರೆದ ತಂಗುದಾಣ ಇರಬೇಕು, ನೂರು ಜನಕ್ಕೆ ಸ್ಥಳ, ನೀರು, ಶೌಚಾಲಯ, ಸ್ನಾನದ ಮನೆ ಇರಬೇಕು ಎಂಬ ನಿಯಮವುಂಟು. 84 ಲಕ್ಷದ ಬೆಂಗಳೂರಿಗೆ 84 ಬೇಕಾಗಿತ್ತು. ಪಿಡುಗು ಬಂದಾಗ ಅಷ್ಟು ಇರಲಿಲ್ಲ. ಆಶ್ರಯ ಕೊಟ್ಟ ಕಡೆಯೂ ನೈರ್ಮಲ್ಯ ಇರುತ್ತದೆಂದು ಹೇಳಬರುವುದಿಲ್ಲ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ಸತ್ತುದನ್ನು ಕೆಲವರಾದರೂ ನೆನಪಿಟ್ಟಿರಬಹುದು.

ಈಗ ಆ ಒಂದೂವರೆ ಪುಟದ ಗದ್ಯ. ಬರೆದವಳು ಎರಡನೆಯ ವರ್ಷದ ಬಿ.ಕಾಂ. ಓದುತ್ತಿದ್ದ ಹುಡುಗಿ, ತಂದೆತಾಯಿಗಳು ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಆಕೆಯ ಒಂದು ವಾಕ್ಯವನ್ನೂ ಇಲ್ಲಿ ಉದ್ಧರಿಸುವುದಿಲ್ಲ; ಕಾರಣವನ್ನು ಕೊನೆಗೆ ಹೇಳುತ್ತೇನೆ. ಮಾರ್ಚ್ ನಡುವೆ ನಿವೇಶನದ ಮಾಲೀಕ ರೋಗದ ಹೆದರಿಕೆಯಿಂದ ಶೆಡ್ಡು ಬಿಡಿಸಿದ. ಊರಿಗೆ ಹೋಗೋಣವೆನ್ನುವಷ್ಟರಲ್ಲಿ ಬಸ್ಸು ನಿಂತಿತು. ಅರ್ಧ ಕಟ್ಟಿದ ಒಂದು ಕಟ್ಟಡದ ಕಾಂಪೌಂಡಿಗೆ ಟಾರ್ಪಾಲು ಕಟ್ಟಿ ನಾಲ್ವರು ಇದ್ದರು. ಕಟ್ಟಡದ ನಲ್ಲಿಗೆ ಬೀಗ. ಹಣ ಕೊಟ್ಟು ಹೋಗುವ ಶೌಚಾಲಯಕ್ಕೂ ಮೂರನೆಯ ದಿನದಿಂದ ಬೀಗ. ಹೋಟೆಲುಗಳು ಮುಚ್ಚಿದ್ದವು. ಟ್ಯಾಂಕರು ತುಂಬುವ ಕಡೆ ಪೈಪು ಸೋರುತ್ತಿತ್ತು. ಬಣ್ಣದ ಖಾಲಿ ಡಬ್ಬಗಳಲ್ಲಿ ಆ ನೀರು ಹಿಡಿದು ತರುತ್ತಿದ್ದರು. ಇಷ್ಟನ್ನು ಆಕೆ ಎಂಟು ಹತ್ತು ಸಾಲಿನಲ್ಲಿ ಹೇಳಿ ಮುಗಿಸುತ್ತಾಳೆ.

ಅನಂತರದ ಭಾಗವೆಲ್ಲ ಒಂದು ಮರೆಯ ಕಥೆ. ತಾಯಿ ಮಗಳು ಬೆಳಗಿನ ನಾಲ್ಕು ಗಂಟೆಗೆ ಏಳಬೇಕು. ತಂದೆ ಎಲ್ಲಿಂದಲೋ ಒಂದು ಫ್ಲೆಕ್ಸನ್ನು ತಂದು ಎರಡು ಸರಳುಗಳಿಗೆ ಕಟ್ಟಿದ. ಅದು ಮನೆ ಮಾರಾಟದ ಜಾಹೀರಾತಿನ ಫ್ಲೆಕ್ಸು. ಯಾವ ಕವಿಯಾದರೂ ಅಲ್ಲಿ ನಿಂತು ನಾಲ್ಕು ಸಾಲು ನಿಟ್ಟುಸಿರು ಬಿಡುತ್ತಿದ್ದ. ಈಕೆ ನಿಲ್ಲುವುದಿಲ್ಲ; ಫ್ಲೆಕ್ಸು ಗಾಳಿಗೆ ಹಾರದಂತೆ ಕೆಳಗೆ ಎಷ್ಟು ಇಟ್ಟಿಗೆ ಇಟ್ಟರು ಎಂಬುದನ್ನು ಹೇಳುತ್ತಾಳೆ. ತಿಂಗಳಿನ ಆ ದಿನಗಳಲ್ಲಿ ನೀರು ಎರಡರಷ್ಟು ಬೇಕಾಗುತ್ತಿತ್ತು, ಬಟ್ಟೆ ಒಗೆದರೂ ಒಣಗಿಸಲು ಬಿಸಿಲಿರುವ ಜಾಗವೆಲ್ಲ ರಸ್ತೆಯ ಕಡೆಗೇ ಇತ್ತು ಎಂದು ಒಂದೇ ವಾಕ್ಯ. 2020ರಲ್ಲಿ ಆ ವಾಕ್ಯವನ್ನು ನಾನು ಮುಜುಗರದಿಂದ ದಾಟಿಕೊಂಡು ಹೋಗಿದ್ದೆನೆಂಬುದು ನೆನಪಿದೆ. ತಮ್ಮನಿಗೆ ಇಪ್ಪತ್ತರವರೆಗೆ ಎಣಿಸುತ್ತಾ ಕೈ ತೊಳೆಯುವುದು ಆಟವಾಗಿತ್ತು. ನೀರು ಚೆಲ್ಲುತ್ತಾನೆಂದು ತಾಯಿ ಗದರಿದಳು. ಆಮೇಲೆ ಅವನು ಒಣಗೈಯನ್ನೇ ಉಜ್ಜಿಕೊಳ್ಳುತ್ತಾ ಎಣಿಸುತ್ತಿದ್ದ. ಅಕ್ಕಿ ಹಂಚಲು ಬಂದವರು ಕೈಗೆ ಹಚ್ಚುವ ದ್ರಾವಣದ ಒಂದು ಸಣ್ಣ ಸೀಸೆ ಕೊಟ್ಟರು. ತಂದೆ ಅದನ್ನು ಆಧಾರ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟ.

ಬರಹ ಅಲ್ಲಿಗೇ ನಿಲ್ಲುತ್ತದೆ. ಮುಕ್ತಾಯವಿಲ್ಲ ಎಂದು ಅಂಚಿನಲ್ಲಿ ಬರೆದಿದ್ದೇನೆ. ಅಲ್ಪಪ್ರಾಣ ಮಹಾಪ್ರಾಣಗಳ ಹನ್ನೊಂದು ತಪ್ಪುಗಳನ್ನು ಗುರುತಿಸಿದ್ದೇನೆ. ದೋಷಗಳು ಇರುವುದು ನಿಜ: ಆರಂಭದಲ್ಲಿ ಯಾರು ಯಾರೆಂದು ತಿಳಿಯುವುದಿಲ್ಲ, ದಿನಗಳ ಲೆಕ್ಕ ಒಂದೆಡೆ ಹೊಂದುವುದಿಲ್ಲ. ಆದರೆ ಅಲಂಕಾರಶಾಸ್ತ್ರ ಓದಿದವನಿಗೆ ಒಂದು ಮಾತು ನೆನಪಾಗಬೇಕಾಗಿತ್ತು. ವಸ್ತುವನ್ನು ಇದ್ದಂತೆ ಹೇಳುವ ಸ್ವಭಾವೋಕ್ತಿಯನ್ನು ದಂಡಿ ಅಲಂಕಾರಗಳಲ್ಲಿ ಮೊದಲನೆಯದಾಗಿ ಇಟ್ಟ. ಕುಂತಕ ಅದು ಅಲಂಕಾರವೇ ಅಲ್ಲವೆಂದ. ನಾನು ತರಗತಿಯಲ್ಲಿ ದಂಡಿಯ ಪಕ್ಷ ಹಿಡಿದು, ತೀರ್ಪು ಕೊಡುವಾಗ ಕುಂತಕನ ಪಕ್ಷಕ್ಕೆ ಹಾರಿದ್ದೆ. ಷಟ್ಪದಿಯಲ್ಲಿ ಶುಚಿಯ ವಿಷಯ ಇತ್ತು. ಈ ಗದ್ಯದಲ್ಲಿ ಇಟ್ಟಿಗೆ, ಡಬ್ಬ, ನಾಲ್ಕು ಗಂಟೆ, ಒಣಗೈ ಇದ್ದುವು. ಕೊರೊನಾ ಕಾಲದ ಬರವಣಿಗೆಯಲ್ಲಿ ನಾನು ಹುಡುಕಿ ಕಾಣದಿದ್ದ ಪ್ರಶ್ನೆಗೆ ಉತ್ತರ ನನ್ನ ಮೇಜಿನ ಮೇಲೆಯೇ ಇತ್ತು. ಡಿಫೋವಿನ ಡೇರೆಯ ಪಕ್ಕದಲ್ಲಿ ಆ ಫ್ಲೆಕ್ಸನ್ನು ಇಡಲು ನನಗೆ ಈಗ ಸಂಕೋಚವಿಲ್ಲ.

ಕಳೆದ ತಿಂಗಳು ಆಕೆಯ ಸಂಖ್ಯೆಯನ್ನು ಹುಡುಕಿ ಫೋನು ಮಾಡಿದೆ. ಆಕೆ ಈಗ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಸಂಸಾರಕ್ಕೆ ಬಾಡಿಗೆಯ ಎರಡು ಕೋಣೆಗಳಾಗಿವೆ. ಬರಹವನ್ನು ಪತ್ರಿಕೆಗೆ ಕಳುಹಿಸಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಬ್ಯಾಡ್ರಿ ಸರ್. ಈಗ ಮನಿ ಮಾಲಕರಿಗೆ ನಾವು ಅಲ್ಲಿದ್ವಿ ಅಂತ ಗೊತ್ತಿಲ್ರಿ. ಬೇಕಾದ್ರ ಸಂಗತಿ ಹೇಳ್ರಿ, ನನ್ನ ಮಾತು ಹೆಸರು ಹಾಕಬ್ಯಾಡ್ರಿ.”

ಹಾಗೆಯೇ ಆಗಲಿ ಎಂದೆ. ಬಹುಮಾನದ ವಿಷಯವನ್ನು ಹೇಗೆ ಎತ್ತುವುದೆಂದು ಯೋಚಿಸುತ್ತಿರುವಾಗ ಆಕೆಯೇ ಕೇಳಿದಳು.

“ಸರ್, ಆವಾಗ ನೀವು ತಿದ್ದಿ ಕಳಿಸಿದ್ರಲ್ರಿ. ಅದರಾಗ ‘ಜಳಕ’ ಅಂತ ಬರದಲ್ಲೆಲ್ಲ ಕೆಂಪು ಗೆರಿ ಹೊಡದು ‘ಸ್ನಾನ’ ಅಂತ ಮಾಡಿದ್ರಿ. ಅದು ತಪ್ಪೇನ್ರಿ?”

ತಪ್ಪಲ್ಲ ಎಂದೆ.

“ಮತ್ಯಾಕ ತಿದ್ದಿದ್ರಿ?”